ಹಬ್ಬ ಮುಗಿದ ಮೇಲಿನ ಕಡಲು

ಕೆರಿಬಿಯನ್ ದ್ವೀಪಗಳ ಹೋಟೆಲ್ ದರಪಟ್ಟಿಯನ್ನು ಚರಿತ್ರೆಯ ದಾಖಲೆಯಂತೆ ಓದಬಹುದು. ಡಿಸೆಂಬರ್ ನಡುವಿನಲ್ಲಿ ದರ ಏರತೊಡಗುತ್ತದೆ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರದಲ್ಲಿ ಅದು ತುತ್ತತುದಿ ಮುಟ್ಟುತ್ತದೆ. ಜನವರಿಯ ಮೊದಲ ವಾರ ಕಳೆಯಿತೋ, ವಿಮಾನದ ಟಿಕೆಟ್ಟೂ ಕೋಣೆಯ ಬಾಡಿಗೆಯೂ ಒಟ್ಟಿಗೆ ಕೆಳಗಿಳಿಯುತ್ತವೆ. ಫೆಬ್ರವರಿ ನಡುವಿನಲ್ಲಿ ಅಮೆರಿಕದ ರಜೆಯ ವಾರಾಂತ್ಯ ಬಂದಾಗ ಮತ್ತೆ ಏರಿ, ಏಪ್ರಿಲ್ ಮಧ್ಯದ ನಂತರ ದೊಡ್ಡ ಇಳಿತ. ಈ ಏರಿಳಿತವನ್ನು ಈಗ ಕಂಪ್ಯೂಟರುಗಳು ಲೆಕ್ಕ ಹಾಕುತ್ತವೆ. ಆದರೆ ಇದರ ಗೆರೆಗಳು ಕಂಪ್ಯೂಟರಿಗಿಂತ, ವಿಮಾನಕ್ಕಿಂತ, ಹೋಟೆಲಿಗಿಂತಲೂ ಹಳೆಯವು.

ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಮಗಳು ಈ ಪಟ್ಟಿಯನ್ನು ನನಗೆ ಕಳಿಸಿ, "ದೊಡ್ಡಮ್ಮ, ನೀವು ಇಲ್ಲಿಗೆ ಬಂದಾಗ ನಾಲ್ಕು ದಿನ ಬೀಚಿಗೆ ಹೋಗೋಣ. ಜನವರಿ ಎರಡನೇ ವಾರ ಅಗ್ಗ. ಹವೆ ಅಷ್ಟೇ ಚೆನ್ನಾಗಿದ್ದರೂ ಯಾಕೆ ಅಗ್ಗವೋ ಗೊತ್ತಿಲ್ಲ" ಎಂದಳು. ಅವಳಿಗೆ ಬೇಕಿದ್ದದ್ದು ತಾರೀಕು. ನನಗೆ ಅಂಟಿಕೊಂಡದ್ದು ಆ "ಯಾಕೆ". ಮುಂದಿನದು ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದರ ಸಾರ. ಕೊನೆಯಲ್ಲಿ ತಾರೀಕೂ ಇದೆ.

ಮೊದಲು ಹವೆಯ ಮಾತು. ಹರಿಕೇನ್ ಎಂಬ ಪದವೇ ಈ ದ್ವೀಪಗಳ ಮೂಲನಿವಾಸಿ ತಾಯ್ನೊ ಜನರ ಮಾತಿನಿಂದ ಸ್ಪ್ಯಾನಿಷ್ ಮೂಲಕ ಜಗತ್ತಿಗೆ ಬಂದದ್ದು. ಹ್ಯಾಮಕ್, ಕನೂ, ಬಾರ್ಬೆಕ್ಯೂ ಎಂಬ ಪದಗಳೂ ಅಲ್ಲಿಂದಲೇ ಬಂದವೆನ್ನುತ್ತಾರೆ. ಇವತ್ತಿನ ಬೀಚ್ ರಜೆಯ ಅರ್ಧ ಸಾಮಾನಿನ ಹೆಸರು ಆ ಜನರದು. ಅವರ ಬಹುಪಾಲು ಮಂದಿ ಕೊಲಂಬಸ್ ಬಂದ 1492ರ ನಂತರದ ಕೆಲವೇ ದಶಕಗಳಲ್ಲಿ ರೋಗಕ್ಕೂ ದುಡಿಮೆಗೂ ಬಲಿಯಾದರು. ಚಂಡಮಾರುತದ ಕಾಲ ಜೂನ್ ಒಂದರಿಂದ ನವೆಂಬರ್ ಮೂವತ್ತರವರೆಗೆ. ಅದು ಮುಗಿದ ಮೇಲೆ, ಜನವರಿಯಿಂದ ಮೇವರೆಗೆ, ಮಳೆ ಕಡಿಮೆ, ಬಿಸಿಲು ಹದ, ಈಶಾನ್ಯದಿಂದ ವಾಣಿಜ್ಯ ಮಾರುತ. ಪ್ರವಾಸಿಗೆ ಇದು "ಸೀಸನ್". ಆದರೆ ಪ್ರವಾಸಿ ಬರುವುದಕ್ಕೆ ಇನ್ನೂರು ವರ್ಷ ಮೊದಲೇ ಈ ಒಣ ತಿಂಗಳುಗಳಿಗೆ ಬೇರೆ ಯಜಮಾನನಿದ್ದ. ಅದು ಕಬ್ಬು.

ಕಬ್ಬಿನ ಸುಗ್ಗಿಗೆ ಒಣಹವೆಯೇ ಬೇಕು. ಮಳೆ ನಿಂತಾಗ ಕಬ್ಬಿನಲ್ಲಿ ಸಕ್ಕರೆಯಂಶ ಏರುತ್ತದೆ, ಗಾಡಿಗಳು ಕೆಸರಿನಲ್ಲಿ ಹೂಳುವುದಿಲ್ಲ. ಕಡಿದ ಕಬ್ಬನ್ನು ತಡಮಾಡದೆ ಅರೆಯದಿದ್ದರೆ ರಸ ಕೆಡುತ್ತದೆ. ಹಾಗಾಗಿ ಸುಗ್ಗಿ ಹಿಡಿದರೆ ಹಗಲು ಗದ್ದೆ, ರಾತ್ರಿ ಗಾಣ ಮತ್ತು ಕೊಪ್ಪರಿಗೆ. ಸರದಿಯ ಮೇಲೆ ನಿದ್ದೆಗೆಟ್ಟು ದುಡಿಯುತ್ತಿದ್ದವರು ಆಫ್ರಿಕಾದಿಂದ ಹಡಗುಗಳಲ್ಲಿ ಹೊತ್ತು ತಂದ ಗುಲಾಮರು. ಗಾಣದ ಉರುಳೆಗೆ ಸಿಕ್ಕ ಕೈಯನ್ನು ಕಡಿಯಲು ಪಕ್ಕದಲ್ಲೇ ಕೊಡಲಿ ಇಡುತ್ತಿದ್ದರೆಂದು ಆ ಕಾಲದ ಬರಹಗಳು ಹೇಳುತ್ತವೆ. ಕ್ಯೂಬಾದಲ್ಲಿ ಈ ಸುಗ್ಗಿಗೆ ಸಾಫ್ರಾ ಎಂದು ಹೆಸರು. ಅದು ಮುಗಿದ ಮೇಲಿನ ತಿಂಗಳುಗಳನ್ನು ಗುಲಾಮಗಿರಿ ಹೋದ ನಂತರವೂ ಕೂಲಿಕಾರರು "ಸತ್ತ ಕಾಲ" ಎಂದೇ ಕರೆದರು. ಆಗ ಕೆಲಸವಿಲ್ಲ, ಕೂಲಿಯಿಲ್ಲ, ಅಂಗಡಿಯ ಸಾಲ ಮಾತ್ರ. ಬಾರ್ಬಡೋಸಿನಲ್ಲಿ ಕೊನೆಯ ಗಾಡಿ ಕಬ್ಬು ಬಂದ ದಿನ ಕುಣಿಯುತ್ತಿದ್ದ ಕುಣಿತವೇ ಕ್ರಾಪ್ ಓವರ್ ಎಂಬ ಹಬ್ಬ. ನಿಂತುಹೋಗಿದ್ದ ಅದನ್ನು 1974ರಲ್ಲಿ ಮತ್ತೆ ಎಬ್ಬಿಸಿದರು, ಬಹುಮಟ್ಟಿಗೆ ಬೇಸಿಗೆಯಲ್ಲೂ ಪ್ರವಾಸಿಗರನ್ನು ಕರೆಸುವುದಕ್ಕಾಗಿ.

ಈ ಪಂಚಾಂಗದಲ್ಲಿ ಕ್ರಿಸ್ಮಸ್‌ನ ಜಾಗ ಯಾವುದು ಎಂಬುದನ್ನು ನೋಡಬೇಕು. ಅದು ಸುಗ್ಗಿಯ ಹೊಸ್ತಿಲು. ಬ್ರಿಟಿಷ್ ದ್ವೀಪಗಳಲ್ಲಿ ಗುಲಾಮರಿಗೆ ಇಡೀ ವರ್ಷದಲ್ಲಿ ಸಿಗುತ್ತಿದ್ದ ದೊಡ್ಡ ಬಿಡುವೆಂದರೆ ಕ್ರಿಸ್ಮಸ್‌ನ ಸುಮಾರು ಮೂರು ದಿನ. ಬಹಾಮಾಸಿನಲ್ಲಿ ಡಿಸೆಂಬರ್ 26ರಂದೂ ಹೊಸ ವರ್ಷದ ದಿನವೂ ನಸಾವ್ ಬೀದಿಗಳಲ್ಲಿ ಇಂದಿಗೂ ನಡೆಯುವ ಜಂಕನೂ ಮೆರವಣಿಗೆಯ ಬೇರು ಆ ಬಿಡುವಿನಲ್ಲಿದೆ. ಡೋಲು, ಮುಖವಾಡ, ಒಳ್ಳೆಯ ಊಟ, ಬೇರೆ ತೋಟದಲ್ಲಿರುವ ಗಂಡನನ್ನೋ ಮಗಳನ್ನೋ ನೋಡಿ ಬರುವ ಅವಕಾಶ. ಆಮೇಲೆ ಹಬ್ಬ ಮುಗಿಯುತ್ತದೆ. ಮರುದಿನ ಕತ್ತಿ ಹಿಡಿದು ಗದ್ದೆಗೆ ಇಳಿಯಬೇಕು.

1831ರಲ್ಲಿ ಜಮೈಕಾದ ಮಾಂಟೆಗೊ ಬೇ ಸುತ್ತಲಿನ ಗುಲಾಮರು ಆ ಮರುದಿನವನ್ನೇ ಆರಿಸಿಕೊಂಡರು. ಅವರ ಮುಂದಾಳು ಸ್ಯಾಮ್ಯುಯೆಲ್ ಶಾರ್ಪ್, ಓದು ಬಲ್ಲ ಗುಲಾಮ, ಬ್ಯಾಪ್ಟಿಸ್ಟ್ ಪಂಥದ ಡೀಕನ್. ಲಂಡನ್ನಿನಲ್ಲಿ ಗುಲಾಮಗಿರಿಯ ವಿರುದ್ಧ ನಡೆಯುತ್ತಿದ್ದ ಚರ್ಚೆಯನ್ನು ಪತ್ರಿಕೆಗಳಿಂದ ಓದಿ ಬಲ್ಲವನಾಗಿದ್ದ. ಪ್ರಾರ್ಥನಾ ಕೂಟಗಳ ನಂತರ ಉಳಿದುಕೊಂಡವರ ಮುಂದೆ ಅವನಿಟ್ಟ ಯೋಜನೆ ಸರಳವಾಗಿತ್ತು: ರಜೆ ಮುಗಿದ ಮೇಲೆ ಕೂಲಿ ಕೊಡದೆ ಕೆಲಸಕ್ಕೆ ಹೋಗುವುದು ಬೇಡ. ಕಬ್ಬು ಹಣ್ಣಾಗಿ ನಿಂತಿರುವಾಗ ಕೈಕಟ್ಟಿ ಕೂತರೆ ದೊರೆಗಳು ಮಾತಿಗೆ ಬರಲೇಬೇಕು. ಇವತ್ತಿನ ಮಾತಿನಲ್ಲಿ ಇದು ಮುಷ್ಕರ. ಆದರೆ ಡಿಸೆಂಬರ್ 27ರ ಸಂಜೆ ಕೆನ್ಸಿಂಗ್ಟನ್ ಎಂಬ ತೋಟಕ್ಕೆ ಬೆಂಕಿ ಬಿತ್ತು. ಅದು ಗುಡ್ಡದ ಮೇಲಿನ ತೋಟವಾದ್ದರಿಂದ ಬೆಂಕಿ ಸುತ್ತಲಿಗೆಲ್ಲ ಕಂಡಿತು. ಒಂದರ ಹಿಂದೊಂದು ತೋಟ ಉರಿಯಿತು. ದಂಗೆಯಲ್ಲಿ 60 ಸಾವಿರದಷ್ಟು ಜನ ಸೇರಿದ್ದರೆಂದು ಅಂದಾಜು. ಸತ್ತ ಬಿಳಿಯರು 14. ಹೋರಾಟದಲ್ಲಿ ಸತ್ತ ಗುಲಾಮರು ಸುಮಾರು 200. ಆಮೇಲೆ ವಿಚಾರಣೆಯ ಹೆಸರಿನಲ್ಲಿ ಕೊಂದವರ ಸಂಖ್ಯೆ 300ಕ್ಕೂ ಹೆಚ್ಚು. ಶಾರ್ಪ್‌ನನ್ನು 1832ರ ಮೇ 23ರಂದು ಮಾಂಟೆಗೊ ಬೇಯ ಮಾರುಕಟ್ಟೆ ಚೌಕದಲ್ಲಿ ಗಲ್ಲಿಗೇರಿಸಿದರು. ಮರುವರ್ಷ ಬ್ರಿಟಿಷ್ ಸಂಸತ್ತು ಗುಲಾಮಗಿರಿಯನ್ನು ಕೊನೆಗಾಣಿಸುವ ಕಾಯಿದೆ ಮಾಡಿತು. ಅದು 1834ರ ಆಗಸ್ಟ್ 1ರಂದು ಜಾರಿಗೆ ಬಂತು, ಪೂರ್ತಿ ಬಿಡುಗಡೆ 1838ರಲ್ಲಿ. ಈಗ ಆ ಚೌಕಕ್ಕೆ ಶಾರ್ಪ್‌ನ ಹೆಸರೇ ಇದೆ. ವಿಮಾನ ನಿಲ್ದಾಣದಿಂದ ಹೋಟೆಲಿನ ಬಸ್ಸಿನಲ್ಲಿ ನೇರವಾಗಿ ಹೋಗುವವರಲ್ಲಿ ಹೆಚ್ಚಿನವರು ಅದನ್ನು ನೋಡುವುದಿಲ್ಲ.

ಗುಲಾಮರು ಬಿಡುಗಡೆಯಾದ ಮೇಲೆ ಕಬ್ಬು ಕಡಿಯಲು ಬೇರೆ ಕೈ ಬೇಕಾಯಿತು. ಅಲ್ಲಿ ನಮ್ಮ ನೆಲದ ಕಥೆ ಸೇರಿಕೊಳ್ಳುತ್ತದೆ. 1838ರಲ್ಲಿ ಬ್ರಿಟಿಷ್ ಗಯಾನಾಕ್ಕೆ, 1845ರ ಮೇ 10ರಂದು ಜಮೈಕಾಕ್ಕೆ, ಅದೇ ತಿಂಗಳ 30ರಂದು ಟ್ರಿನಿಡಾಡಿಗೆ ಭಾರತದ ಕರಾರು ಕೂಲಿಗಳ ಮೊದಲ ಹಡಗುಗಳು ಮುಟ್ಟಿದವು. ಕಲ್ಕತ್ತಾ ಮತ್ತು ಮದ್ರಾಸ್ ಬಂದರುಗಳಿಂದ ಹೊರಟ ಈ ಸಾಗಣೆ 1917ರವರೆಗೆ ನಡೆಯಿತು. ಗಯಾನಾಕ್ಕೆ ಹೋದವರು ಎರಡು ಲಕ್ಷಕ್ಕೂ ಮೀರಿ, ಟ್ರಿನಿಡಾಡಿಗೆ ಸುಮಾರು 1 ಲಕ್ಷ 40 ಸಾವಿರ, ಜಮೈಕಾಕ್ಕೆ ಸುಮಾರು 36 ಸಾವಿರ. ಜಮೈಕಾದ ಮನೆಯೂಟದಲ್ಲಿ ಆಡಿನ ಮಾಂಸದ ಕರಿ ಇರುವುದು, ಟ್ರಿನಿಡಾಡಿನ ಬೀದಿಯಲ್ಲಿ ಎರಡು ಬಾರಾಗಳ ನಡುವೆ ಚನ್ನಾ ಇಟ್ಟು ಡಬಲ್ಸ್ ಎಂದು ಮಾರುವುದು ಇವರಿಂದಲೇ. ಡೆರೆಕ್ ವಾಲ್ಕಾಟ್ 1992ರ ನೊಬೆಲ್ ಭಾಷಣವನ್ನು ಶುರುಮಾಡಿದ್ದು ಟ್ರಿನಿಡಾಡಿನ ಫೆಲಿಸಿಟಿ ಎಂಬ ಹಳ್ಳಿಯ ರಾಮಲೀಲೆಯಿಂದ. ಕನ್ನಡಿಗರಾದ ನಮಗೆ ಟ್ರಿನಿಡಾಡ್ ಬೇರೆ ದಾರಿಯಿಂದ ಪರಿಚಯ. 1976ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ ನಾಲ್ಕನೆಯ ಇನಿಂಗ್ಸಿನಲ್ಲಿ 400 ದಾಟಿ ಗೆದ್ದಾಗ ನಮ್ಮ ವಿಶ್ವನಾಥ್ 112 ಹೊಡೆದಿದ್ದರು. ಭಾರತದ ಆ ಕಾಲದ ವೆಸ್ಟ್ ಇಂಡೀಸ್ ಪ್ರವಾಸಗಳು ಜನವರಿಯಿಂದ ಮಾರ್ಚ್‌ನೊಳಗೆ ಶುರುವಾಗಿ ಏಪ್ರಿಲ್ ಹೊತ್ತಿಗೆ ಮುಗಿಯುತ್ತಿದ್ದುದನ್ನು ಗಮನಿಸಿ. ಕಬ್ಬಿಗೆ ಬೇಕಾದ ಒಣಹವೆಯೇ ಕ್ರಿಕೆಟ್ಟಿಗೂ ಬೇಕು, ಪ್ರವಾಸಿಗೂ ಬೇಕು.

ಆದರೆ ಪ್ರವಾಸಿ ಬಂದದ್ದು ಎಲ್ಲರಿಗಿಂತ ಕೊನೆಗೆ. ಹತ್ತೊಂಬತ್ತನೇ ಶತಮಾನದ ಬಹುಭಾಗ ಯುರೋಪಿಯನ್ನರಿಗೆ ಕೆರಿಬಿಯನ್ ಕಡಲತೀರ ಎಂದರೆ ಹಳದಿ ಜ್ವರದ ಸಾವು. ತೋಟದ ದೊರೆಗಳು ತಮ್ಮ ದೊಡ್ಡ ಮನೆಗಳನ್ನು ಗಾಳಿಯಾಡುವ ದಿಣ್ಣೆಗಳ ಮೇಲೆ ಕಟ್ಟಿಸಿಕೊಂಡರು. ಮರಳಿನ ತೀರ ಮೀನುಗಾರರದ್ದು, ಬಡವರದ್ದು. ಆರೋಗ್ಯಕ್ಕೆಂದು ಬಂದವರು ಇರಲಿಲ್ಲವೆಂದಲ್ಲ. ಜಾರ್ಜ್ ವಾಷಿಂಗ್ಟನ್ ತನ್ನ ಜೀವಮಾನದಲ್ಲಿ ಮಾಡಿದ ಒಂದೇ ವಿದೇಶ ಪ್ರವಾಸ 1751ರಲ್ಲಿ ಬಾರ್ಬಡೋಸಿಗೆ, ಕ್ಷಯವಾಗಿದ್ದ ಅಣ್ಣನ ಜೊತೆ. ಅಣ್ಣನಿಗೆ ಗುಣವಾಗಲಿಲ್ಲ, ತಮ್ಮನಿಗೆ ಸಿಡುಬು ಬಂತು. ಹಳದಿ ಜ್ವರವನ್ನು ಹರಡುವುದು ಸೊಳ್ಳೆ ಎಂದು ಹವಾನಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿ ಹೇಳಿದರು. ಅದು ಪ್ರಯೋಗದಿಂದ ಖಾತ್ರಿಯಾಗಲು 1900 ಬರಬೇಕಾಯಿತು. ಸೊಳ್ಳೆ ಹತೋಟಿಗೆ ಬಂದ ಮೇಲೆಯೇ ಮರಳಿಗೆ ಬೆಲೆ ಬಂದದ್ದು.

ಮಾಂಟೆಗೊ ಬೇಯ ಡಾಕ್ಟರ್ಸ್ ಕೇವ್ ಬೀಚ್ ಇದಕ್ಕೆ ಒಳ್ಳೆಯ ಉದಾಹರಣೆ. ಮೆಕ್ಯಾಟಿ ಎಂಬ ವೈದ್ಯರೊಬ್ಬರು 1906ರಲ್ಲಿ ತಮ್ಮ ತೀರದ ಆಸ್ತಿಯನ್ನು ಸ್ನಾನದ ಕ್ಲಬ್ಬೊಂದಕ್ಕೆ ಬಿಟ್ಟುಕೊಟ್ಟರು. ಸಮುದ್ರದ ನೀರು ಔಷಧಿ ಎಂಬ ನಂಬಿಕೆಯಿಂದ ಶುರುವಾದ ಜಾಗ, 1920ರ ದಶಕದ ಹೊತ್ತಿಗೆ ಶ್ರೀಮಂತರ ಚಳಿಗಾಲದ ಹೆಸರಾಯಿತು.

ಇನ್ನು "ಅಗ್ಗ" ಎಂಬ ಪದಕ್ಕೆ ಬರೋಣ. ಅಗ್ಗದ ಪ್ರವಾಸದ ಚರಿತ್ರೆ ಎಂದರೆ ಖಾಲಿ ಜಾಗದ ಚರಿತ್ರೆ ಎಂಬುದು ನನ್ನ ಓದಿನಿಂದ ಸಿಕ್ಕ ತಿಳಿವು. ಲೊರೆಂಜೊ ಡೌ ಬೇಕರ್ ಎಂಬ ಮ್ಯಾಸಚೂಸೆಟ್ಸಿನ ಹಡಗಿನ ಕ್ಯಾಪ್ಟನ್ 1870ರ ಹೊತ್ತಿಗೆ ಜಮೈಕಾದ ಬಾಳೆಗೊನೆಗಳನ್ನು ಅಮೆರಿಕಕ್ಕೆ ಒಯ್ದು ಮಾರಿದ. ಲಾಭ ಕಂಡ ಮೇಲೆ 1885ರಲ್ಲಿ ಬಾಸ್ಟನ್ ಫ್ರೂಟ್ ಕಂಪನಿ ಹುಟ್ಟಿತು. ಅದು 1899ರಲ್ಲಿ ಯುನೈಟೆಡ್ ಫ್ರೂಟ್ ಕಂಪನಿಯೊಳಗೆ ಸೇರಿತು. ಹಡಗುಗಳು ಉತ್ತರಕ್ಕೆ ಹೋಗುವಾಗ ಬಾಳೆಹಣ್ಣಿನಿಂದ ತುಂಬಿರುತ್ತಿದ್ದವು, ದಕ್ಷಿಣಕ್ಕೆ ಬರುವಾಗ ಹೆಚ್ಚುಕಮ್ಮಿ ಖಾಲಿ. ಆ ಖಾಲಿ ಜಾಗಕ್ಕೆ ಪ್ರಯಾಣಿಕರನ್ನು ಹತ್ತಿಸಿಕೊಂಡರೆ ಬಂದದ್ದೆಲ್ಲ ಲಾಭ. ಬಂದವರು ಇಳಿದುಕೊಳ್ಳಲು ಬೇಕರ್ ಪೋರ್ಟ್ ಆಂಟೋನಿಯೊದಲ್ಲಿ ಟಿಚ್‌ಫೀಲ್ಡ್ ಎಂಬ ಹೋಟೆಲನ್ನೂ ನಡೆಸಿದ. ಬಿಸಿಲಿನಲ್ಲಿ ಹಣ್ಣು ಕೆಡದಿರಲೆಂದು ಯುನೈಟೆಡ್ ಫ್ರೂಟ್ ತನ್ನ ಹಡಗುಗಳಿಗೆ ಬಿಳಿ ಬಣ್ಣ ಬಳಿದಿತ್ತು. ಜಾಹೀರಾತಿನಲ್ಲಿ ಅದೇ ಬಿಳಿ "ಗ್ರೇಟ್ ವೈಟ್ ಫ್ಲೀಟ್" ಎಂಬ ಸೊಗಸಾಯಿತು. ಆ ಬಾಳೆತೋಟಗಳಲ್ಲಿ ದುಡಿದವರಲ್ಲಿ ಭಾರತದ ಕರಾರು ಕೂಲಿಗಳೂ ಇದ್ದರು.

ಜಮೈಕಾದ ಸರಕಾರವೂ ಸುಮ್ಮನಿರಲಿಲ್ಲ. 1890ರಲ್ಲಿ ಹೋಟೆಲ್ ಕಟ್ಟುವವರ ಸಾಲಕ್ಕೆ ಸರಕಾರವೇ ಖಾತರಿ ನಿಲ್ಲುವ ಕಾನೂನು ಮಾಡಿತು. 1891ರ ಜನವರಿ 27ರಂದು ಕಿಂಗ್‌ಸ್ಟನ್ನಿನಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಶುರುವಾಯಿತು. ಉದ್ಘಾಟಿಸಿದ್ದು ಮುಂದೆ ಐದನೇ ಜಾರ್ಜ್ ಆದ ರಾಜಕುಮಾರ. ಹಬ್ಬ ಕಳೆದ ಮೇಲಿನ ಜನವರಿಯನ್ನು ಪರದೇಶಿಗಳಿಗೆ ಮಾರಲು ಸರಕಾರವೇ ಮಾಡಿದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಇದೂ ಒಂದು.

ಹೀಗೆ ಕಬ್ಬಿನ ಪಂಚಾಂಗದ ಮೇಲೆಯೇ ಹೋಟೆಲಿನ ಪಂಚಾಂಗ ಬಂದು ಕೂತಿತು. ಬಹುಕಾಲ ಎಷ್ಟೋ ಹೋಟೆಲುಗಳು ಏಪ್ರಿಲ್‌ನಲ್ಲಿ ಬಾಗಿಲು ಹಾಕಿ ಡಿಸೆಂಬರ್‌ನಲ್ಲಿ ತೆರೆಯುತ್ತಿದ್ದವು. ಗದ್ದೆಯ ಕೂಲಿಗೆ "ಸತ್ತ ಕಾಲ" ಇದ್ದಂತೆ ಹೋಟೆಲಿನ ಅಡುಗೆಯವನಿಗೂ ಹಾಸಿಗೆ ಹಾಸುವವಳಿಗೂ ಸತ್ತ ಕಾಲ ಬಂತು, ಅದೂ ಅದೇ ತಿಂಗಳುಗಳಲ್ಲಿ. ಇದನ್ನು ಮುರಿದದ್ದು ವಿಮಾನ. ಪ್ಯಾನ್ ಆಮ್ 1948ರಲ್ಲಿ ನ್ಯೂಯಾರ್ಕ್ ಮತ್ತು ಸ್ಯಾನ್ ಹುವಾನ್ ನಡುವೆ ಕಡಿಮೆ ದರದ ಟೂರಿಸ್ಟ್ ಕ್ಲಾಸ್ ತಂದಿತು. ಮರುವರ್ಷ ಅಲ್ಲಿ ಕರೀಬೆ ಹಿಲ್ಟನ್ ಹೋಟೆಲ್ ತೆರೆಯಿತು. ಅಮೆರಿಕದಲ್ಲಿ ಪಾನನಿಷೇಧವಿದ್ದ 1920ರಿಂದ 33ರವರೆಗಿನ ವರ್ಷಗಳಲ್ಲಿ ಪ್ರವಾಸಿಗರ ಸ್ವರ್ಗವಾಗಿದ್ದ ಹವಾನಾ, 1959ರ ಕ್ರಾಂತಿಯ ನಂತರ ಅಮೆರಿಕನ್ನರಿಗೆ ಮುಚ್ಚಿಹೋಯಿತು. ಅವರ ಡಾಲರುಗಳು ಪೋರ್ಟೊ ರಿಕೊ, ಜಮೈಕಾ, ಬಹಾಮಾಸ್ ಕಡೆ ಹರಿದವು. 1966ರ ಡಿಸೆಂಬರ್‌ನಲ್ಲಿ ಮಯಾಮಿಯಿಂದ ಸನ್‌ವರ್ಡ್ ಎಂಬ ಹಡಗು ಹೊರಟು ಇಂದಿನ ಕ್ರೂಸ್ ಪ್ರವಾಸಕ್ಕೆ ದಾರಿ ಮಾಡಿತು. 1974ರಲ್ಲಿ ಮೆಕ್ಸಿಕೊ ಸರಕಾರ ಬರಿಯ ಮರಳುದಿಬ್ಬದ ಮೇಲೆ ಯೋಜನೆ ಹಾಕಿ ಕಟ್ಟಿದ ಕಾಂಕೂನ್ ತೆರೆಯಿತು. 1981ರಲ್ಲಿ ಮಾಂಟೆಗೊ ಬೇಯಲ್ಲಿ ಸ್ಯಾಂಡಲ್ಸ್ ಶುರುವಾಗಿ, ಊಟ, ಪಾನೀಯ, ಕೋಣೆ ಎಲ್ಲವನ್ನೂ ಒಂದೇ ಬೆಲೆಗೆ ಕೊಡುವ ಪದ್ಧತಿ ಊರಿಡೀ ಹಬ್ಬಿತು. ಈಗ ಕೋಣೆಗಳ ಸಂಖ್ಯೆ ಎಷ್ಟು ಬೆಳೆದಿದೆಯೆಂದರೆ ಜನವರಿಯ ಎರಡನೇ ವಾರದ ಖಾಲಿ ಹಾಸಿಗೆ ಬಾಳೆ ಹಡಗಿನ ಖಾಲಿ ಜಾಗದಂತೆಯೇ. ಅದನ್ನು ಯಾವ ಬೆಲೆಗಾದರೂ ತುಂಬಬೇಕು. ರಜೆ ಮುಗಿದು ಮಕ್ಕಳು ಶಾಲೆಗೆ ಮರಳಿದ್ದಾರೆ, ಹಬ್ಬದ ಖರ್ಚಿನ ಬಿಲ್ಲು ಅಮೆರಿಕದ ಮನೆಗಳಿಗೆ ಬಂದಿದೆ, ಯಾರೂ ಹೊರಡುವುದಿಲ್ಲ. ನನ್ನ ತಂಗಿಯ ಮಗಳ "ಯಾಕೆ"ಗೆ ಚಿಕ್ಕ ಉತ್ತರ ಇದೇ.

ಉದ್ದದ ಉತ್ತರದಲ್ಲಿ ಇನ್ನೊಂದು ಪ್ರಶ್ನೆ ಇದೆ: ಆ ಮರಳು ಯಾರದು? ಬಾರ್ಬಡೋಸಿನಲ್ಲಿ, ಪೋರ್ಟೊ ರಿಕೊದಲ್ಲಿ ಕಡಲತೀರ ಕಾನೂನಿನ ಪ್ರಕಾರ ಸಾರ್ವಜನಿಕ. ಹೋಟೆಲುಗಳು ತೀರಕ್ಕೆ ಹೋಗುವ ಓಣಿಯನ್ನು ಮುಚ್ಚಿದಾಗ ಮಾತ್ರ ಜಗಳ. ಜಮೈಕಾದಲ್ಲಿ ಹಾಗಲ್ಲ. ವಸಾಹತು ಕಾಲದ 1956ರ ಬೀಚ್ ಕಂಟ್ರೋಲ್ ಕಾಯಿದೆ ತೀರದ ಹಕ್ಕನ್ನು ಸರಕಾರಕ್ಕೆ ಕೊಟ್ಟಿತು. ಪರವಾನಗಿ ಪಡೆದವರು ತೀರವನ್ನು ಬಳಸಬಹುದು, ಆದರೆ ಸಾಮಾನ್ಯ ಜನರಿಗೆ ಎಲ್ಲೆಂದರಲ್ಲಿ ಇಳಿದು ಈಜುವ ಹಕ್ಕು ಅದರಲ್ಲಿಲ್ಲ. ಮೀನುಗಾರರ ಮೊಮ್ಮಕ್ಕಳು ಅಜ್ಜನ ದೋಣಿ ನಿಲ್ಲುತ್ತಿದ್ದ ಜಾಗಕ್ಕೆ ಹೋಗಲು ಇವತ್ತು ನ್ಯಾಯಾಲಯದಲ್ಲಿ ಹೋರಾಡುತ್ತಿದ್ದಾರೆ. ಜಮೈಕಾ ಕಿನ್‌ಕೇಡ್ 1988ರಲ್ಲಿ ತನ್ನ ಆಂಟಿಗುವಾ ದ್ವೀಪದ ಬಗ್ಗೆ ಬರೆದ "ಎ ಸ್ಮಾಲ್ ಪ್ಲೇಸ್" ಎಂಬ ಪುಟ್ಟ ಪುಸ್ತಕ ಪ್ರವಾಸಿಯನ್ನು "ನೀನು" ಎಂದು ನೇರವಾಗಿ ಎದುರು ನಿಲ್ಲಿಸಿಕೊಂಡು ಮಾತಾಡುತ್ತದೆ. ಹೊರಡುವ ಮುನ್ನ ಓದಬೇಕಾದದ್ದು ಅದು. ಹೋಗಬೇಡ ಎಂದು ಹೇಳಿಸಿಕೊಳ್ಳುವುದಕ್ಕಲ್ಲ, ಹೋದಾಗ ಕಣ್ಣು ತೆರೆದಿರುವುದಕ್ಕೆ.

ಪೋರ್ಟೊ ರಿಕೊದ ಕುಲೆಬ್ರಾ ಮತ್ತು ವಿಯೆಕೆಸ್ ಎಂಬ ಪುಟ್ಟ ದ್ವೀಪಗಳು ಈ ಪ್ರಶ್ನೆಯನ್ನು ಇನ್ನೂ ಚೂಪಾಗಿಸುತ್ತವೆ. ಅವುಗಳ ತೀರಗಳು "ಕೆಡದೆ ಉಳಿದಿವೆ" ಎಂದು ಪ್ರವಾಸಿ ಪುಸ್ತಕಗಳು ಹೊಗಳುತ್ತವೆ. ಉಳಿದದ್ದು ಯಾಕೆಂದರೆ ಅಮೆರಿಕದ ನೌಕಾಪಡೆ ಅಲ್ಲಿ ದಶಕಗಳ ಕಾಲ ಬಾಂಬು ಹಾಕಿ ತಾಲೀಮು ಮಾಡುತ್ತಿತ್ತು. ಕುಲೆಬ್ರಾದಲ್ಲಿ ಅದು ನಿಂತದ್ದು 1975ರಲ್ಲಿ. ವಿಯೆಕೆಸ್‌ನಲ್ಲಿ, 1999ರಲ್ಲಿ ಗುರಿ ತಪ್ಪಿದ ಬಾಂಬಿಗೆ ಅಲ್ಲಿನ ಕಾವಲುಗಾರನೊಬ್ಬ ಬಲಿಯಾದ ಮೇಲೆ ಜನ ತೀರದಲ್ಲೇ ಬೀಡುಬಿಟ್ಟು ಹೋರಾಡಿ, 2003ರಲ್ಲಿ ನೌಕಾಪಡೆ ಹೊರಟಿತು. ಕುಲೆಬ್ರಾದ ಫ್ಲಮೆಂಕೊ ಬೀಚಿನಲ್ಲಿ ತುಕ್ಕು ಹಿಡಿದ ಟ್ಯಾಂಕೊಂದು ಈಗಲೂ ಮರಳಿನಲ್ಲಿ ನಿಂತಿದೆ.

ಇಷ್ಟೆಲ್ಲ ಓದಿದ ಮೇಲೆ ತಂಗಿಯ ಮಗಳಿಗೆ ನಾನು ಬರೆದು ಕಳಿಸಿದ ಪಟ್ಟಿ ಇದು. ತಾರೀಕು ಜನವರಿ 8ರಿಂದ ಫೆಬ್ರವರಿ ಮೊದಲ ವಾರದೊಳಗೆ ಇರಲಿ, ವಾರದ ನಡುವೆ ಹೊರಟು ವಾರದ ನಡುವೆ ಮರಳುವುದು ಒಳ್ಳೆಯದು. ಜನವರಿಯ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ರಜೆ, ಆ ವಾರಾಂತ್ಯ ಬೇಡ. ಸ್ಯಾನ್ ಹುವಾನ್‌ನ ಹಳೆಯ ಪೇಟೆಯಲ್ಲಿ ಸ್ಯಾನ್ ಸೆಬಾಸ್ಟಿಯನ್ ಬೀದಿ ಹಬ್ಬ ನಡೆಯುವುದೂ ಆ ಸುಮಾರಿಗೇ, ಕೋಣೆ ಸಿಗುವುದು ಕಷ್ಟ. ಟ್ರಿನಿಡಾಡ್ ಆದರೆ ಕಾರ್ನಿವಲ್ ಯಾವಾಗ ಎಂದು ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಇನ್ನೂ ಅಗ್ಗ ಸಿಗುತ್ತದೆ, ಆದರೆ ಅದರೊಂದಿಗೆ ಚಂಡಮಾರುತದ ಭಯವೂ ಬರುತ್ತದೆ. ಅವಳದು ಕೆಲಸದ ವೀಸಾ. ಪೋರ್ಟೊ ರಿಕೊ 1898ರಿಂದ ಅಮೆರಿಕದ ವಶದಲ್ಲಿರುವುದರಿಂದ ಅಲ್ಲಿಗೆ ಹೋಗುವುದು ದೇಶದೊಳಗಿನ ಪ್ರಯಾಣವೇ, ವೀಸಾ ಮುದ್ರೆಯ ತಲೆನೋವಿಲ್ಲ. ಆ ಅನುಕೂಲದ ಹಿಂದೆಯೂ ಒಂದು ಯುದ್ಧ ಇದೆ ಎಂಬುದನ್ನು ಪಕ್ಕದಲ್ಲೇ ಬರೆದೆ. ಕುಲೆಬ್ರಾಕ್ಕೆ ಸೆಯ್ಬಾ ಎಂಬಲ್ಲಿಂದ ಸರಕಾರಿ ದೋಣಿ ಇದೆ, ಕೆಲವೇ ಡಾಲರಿನ ಟಿಕೆಟ್ಟು. ಬಾರ್ಬಡೋಸ್ ಆದರೆ ಬಸ್ಸಿದೆ, ಅಲ್ಲಿನ ಎರಡು ಡಾಲರ್ ಅಮೆರಿಕದ ಒಂದಕ್ಕೆ ಸಮ, ಶುಕ್ರವಾರ ಸಂಜೆ ಆಯ್ಸ್ಟಿನ್ಸ್ ಎಂಬ ಮೀನುಗಾರರ ಊರಿನಲ್ಲಿ ಸುಟ್ಟ ಮೀನಿನ ಊಟ.

ಒಂದು ಮಾತನ್ನು ಒತ್ತಿ ಹೇಳಿದೆ. ಎಲ್ಲ ಸೇರಿದ ಪ್ಯಾಕೇಜು ಲೆಕ್ಕಕ್ಕೆ ಅಗ್ಗವಾಗಿ ಕಂಡರೂ ಆ ದುಡ್ಡು ಗೋಡೆಯೊಳಗೇ ಸುತ್ತಿ ಬಹುಪಾಲು ಹೊರದೇಶಕ್ಕೆ ಮರಳಿಬಿಡಬಹುದು. ಊರಿನವರು ನಡೆಸುವ ಗೆಸ್ಟ್ ಹೌಸಿನಲ್ಲಿ ಇಳಿದು, ಹಂಚಿಕೊಂಡು ಹೋಗುವ ಟ್ಯಾಕ್ಸಿ ಹತ್ತಿ, ಬೀದಿಬದಿಯಲ್ಲಿ ತಿಂದರೆ ಖರ್ಚು ಹೆಚ್ಚಾಗುವುದಿಲ್ಲ, ಸಾಮಾನ್ಯವಾಗಿ ಕಡಿಮೆಯೇ. ಹಬ್ಬ ಮುಗಿದ ಮೇಲಿನ ವಾರಗಳಲ್ಲಿ ಕೋಣೆ ಖಾಲಿ ಬಿದ್ದರೆ ದೊಡ್ಡ ಹೋಟೆಲಿಗೆ ಅದು ಲೆಕ್ಕದ ಪುಸ್ತಕದ ಒಂದು ಸಾಲು. ನಾಲ್ಕು ಕೋಣೆಯ ಮನೆಯೊಡತಿಗೆ ಅದು ಆ ತಿಂಗಳ ಸಂಪಾದನೆ. ಅಗ್ಗದ ಕಾಲದಲ್ಲಿ ಹೋಗುವವರಿಗೆ ಇಂಥ ಆಯ್ಕೆಯ ಸ್ವಾತಂತ್ರ್ಯ ಹೆಚ್ಚು, ಏಕೆಂದರೆ ಎಲ್ಲ ಬಾಗಿಲೂ ತೆರೆದಿರುತ್ತವೆ.

ಜಮೈಕಾದ ಹಳೆಯ ಸರಣಿಯ 50 ಡಾಲರ್ ನೋಟಿನ ಒಂದು ಬದಿಯಲ್ಲಿ ಸ್ಯಾಮ್ಯುಯೆಲ್ ಶಾರ್ಪ್ ಇದ್ದಾನೆ. 1975ರಲ್ಲಿ ದೇಶ ಅವನನ್ನು ರಾಷ್ಟ್ರವೀರನೆಂದು ಸಾರಿತ್ತು. ನೋಟನ್ನು ತಿರುಗಿಸಿದರೆ ಡಾಕ್ಟರ್ಸ್ ಕೇವ್ ಬೀಚಿನ ಚಿತ್ರ. ಇವತ್ತಿನ ವಿನಿಮಯದಲ್ಲಿ ಅದರ ಬೆಲೆ ಅರ್ಧ ಅಮೆರಿಕನ್ ಡಾಲರಿಗೂ ಕಡಿಮೆ. ಕೆರಿಬಿಯನ್ ರಜೆಯ ಎರಡು ಮುಖಗಳನ್ನೂ ಒಂದೇ ಕಾಗದದ ಮೇಲೆ ಅಚ್ಚುಹಾಕಿ, ಚಿಲ್ಲರೆಯಾಗಿ ಪ್ರವಾಸಿಯ ಕೈಗೆ ಕೊಟ್ಟ ದೇಶ ಅದು. ತೀರಕ್ಕೆ ಇಳಿಯುವ ಮೊದಲು ಅದನ್ನು ಒಮ್ಮೆ ತಿರುಗಿಸಿ ನೋಡು ಎಂದು ಅವಳಿಗೆ ಹೇಳಿದ್ದೇನೆ.